ಸೋತವರ ಹೆಸರು ಹೊತ್ತ ಆಟ: ಬುಡಾಪೆಸ್ಟ್ ಗ್ಯಾಂಬಿಟ್‌ನ ಕಥೆ

ಫೋನಿನಲ್ಲಿ ಚೆಸ್ ಆಡುವ ಅಭ್ಯಾಸ ಇದ್ದವರಿಗೆ ಇಂಥದ್ದೊಂದು ಅನುಭವ ಆಗಿರಬಹುದು. ಎದುರಿಗಿರುವವರು ಯಾವ ಊರಿನವರೋ ಗೊತ್ತಿಲ್ಲ. ಬಿಳಿ ಕಾಯಿ ನಿಮ್ಮದು. ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುತ್ತೀರಿ. ಆ ಕಡೆಯವರು ಕುದುರೆ ಬಿಡುತ್ತಾರೆ. ನೀವು ಪಕ್ಕದ ಕಾಲಾಳನ್ನೂ ನೂಕುತ್ತೀರಿ. ಆಗ ಅವರು ತಮ್ಮದೊಂದು ಕಾಲಾಳನ್ನು ತಂದು ನಿಮ್ಮ ಬಾಯಿಗೇ ಇಡುತ್ತಾರೆ. ಪುಕ್ಕಟೆ ಸಿಕ್ಕಿತೆಂದು ನೀವು ಕಡಿಯುತ್ತೀರಿ. ಅಲ್ಲಿಂದ ಐದೇ ನಡೆ. ನಿಮ್ಮ ರಾಜ ತನ್ನದೇ ಸೈನ್ಯದ ನಡುವೆ ಸಿಕ್ಕಿ, ಎತ್ತಲೂ ಹೋಗಲಾರದೆ ಸತ್ತಿರುತ್ತಾನೆ. ಆಟ ಮುಗಿದಾಗ ಆ ಕಡೆ ಖರ್ಚಾಗಿರುವುದು ಒಂದು ಕಾಲಾಳು, ಒಂದು ಒಂಟೆ ಅಷ್ಟೇ.

ಇದು ಮೋಸವಲ್ಲ, ಆ್ಯಪ್‌ನ ದೋಷವೂ ಅಲ್ಲ. ಇದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಹೆಸರು ಬುಡಾಪೆಸ್ಟ್ ಗ್ಯಾಂಬಿಟ್. ಕಪ್ಪು ಕಾಯಿಯವರು ಆಡುವ ಅಪರೂಪದ ಆರಂಭಗಳಲ್ಲಿ ಇದೂ ಒಂದು. ಇದನ್ನು ಕಟ್ಟಿದವರು, ಆಡಿ ಗೆದ್ದವರು, ಇದರ ಎದುರು ಸೋತವರು ಎಲ್ಲರೂ ಒಂದು ಮಹಾಯುದ್ಧದ ನಡುವೆ ಬದುಕಿದವರು. ಅವರಲ್ಲಿ ಕೆಲವರು ಆ ಯುದ್ಧವನ್ನು ದಾಟಿ ಬಹಳ ದಿನ ಉಳಿಯಲಿಲ್ಲ. ಆ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ.

ಕಾಲು ಕೊಟ್ಟು ಬೀಳಿಸುವ ಪಟ್ಟು

ಮೊದಲು ಗ್ಯಾಂಬಿಟ್ ಅಂದರೇನು ನೋಡೋಣ. ಈ ಪದ ಚೆಸ್‌ಗೆ ಬಂದದ್ದು ಕುಸ್ತಿಯ ಕಡೆಯಿಂದ. ಇಟಾಲಿಯನ್ ಭಾಷೆಯಲ್ಲಿ 'ಗಾಂಬಾ' ಅಂದರೆ ಕಾಲು. 'ಗಾಂಬೆಟ್ಟೊ' ಅಂದರೆ ಎದುರಾಳಿಗೆ ಕಾಲು ಅಡ್ಡ ಕೊಟ್ಟು ಕೆಡವುವುದು. ಸ್ಪೇನಿನ ಪಾದ್ರಿ ರೂಯ್ ಲೋಪೆಸ್ ಅವರು 1561ರಲ್ಲಿ ಪ್ರಕಟಿಸಿದ ಚೆಸ್ ಪುಸ್ತಕದಲ್ಲಿ ಈ ಪದವನ್ನು ಬಳಸಿದರು. ಗರಡಿ ಮನೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎದುರಾಳಿ ಮುಂದೆ ಬರಲಿ ಎಂದು ಪೈಲ್ವಾನ ತಾನೇ ಸ್ವಲ್ಪ ಜಾಗ ಬಿಟ್ಟುಕೊಡುತ್ತಾನೆ. ಅವನು ಬಂದ ವೇಗವನ್ನೇ ಬಳಸಿ ಕೆಡವುತ್ತಾನೆ. ಚೆಸ್‌ನಲ್ಲಿ ಬಿಟ್ಟುಕೊಡುವುದು ಸಾಮಾನ್ಯವಾಗಿ ಒಂದು ಕಾಲಾಳನ್ನು. ಅದರ ಬದಲಿಗೆ ಸಿಗುವುದು ಸಮಯ. ನಮ್ಮ ಕಾಯಿಗಳು ಬೇಗ ಹೊರಬರುತ್ತವೆ, ಅವರ ಕಾಯಿಗಳು ಇನ್ನೂ ಮನೆಯಲ್ಲೇ ಇರುತ್ತವೆ.

ಬಿಳಿಯವರು ಗ್ಯಾಂಬಿಟ್ ಆಡುವುದು ಹಳೆಯ ಪದ್ಧತಿ. ಮೊದಲ ನಡೆ ಅವರದ್ದೇ ಆದ್ದರಿಂದ ಹೇಗೂ ಒಂದು ಹೆಜ್ಜೆ ಮುಂದಿರುತ್ತಾರೆ. ಒಂದು ಕಾಲಾಳು ಕಳೆದುಕೊಂಡರೂ ಸುಧಾರಿಸಿಕೊಳ್ಳಬಹುದು. ಕಪ್ಪಿನ ಪರಿಸ್ಥಿತಿ ಹಾಗಲ್ಲ. ಪಕ್ಕದ ಹೊಲದವರು ಬಿತ್ತನೆ ಮುಗಿಸಿದ ಮೇಲೆ ನೇಗಿಲು ಹೂಡಿದವರ ಸ್ಥಿತಿ ಅವರದ್ದು. ಮೊದಲೇ ಒಂದು ಹೆಜ್ಜೆ ಹಿಂದೆ ಇರುವಾಗ ಕೈಯಲ್ಲಿದ್ದ ಕಾಲಾಳನ್ನೂ ಕೊಡುವುದೆಂದರೆ ಧೈರ್ಯ ಬೇಕು. ಹಾಗಾಗಿಯೇ ಕಪ್ಪಿನ ಗ್ಯಾಂಬಿಟ್‌ಗಳು ಕಡಿಮೆ. ಎರಡನೇ ನಡೆಯಲ್ಲೇ ಕೊಡುವಂಥವು ಇನ್ನೂ ಕಡಿಮೆ.

ಮಣೆಯ ಮೇಲೆ ಆಗುವುದೇನು

ಮಣೆ ಇದ್ದರೆ ಮುಂದಿಟ್ಟುಕೊಳ್ಳಿ. ಇಲ್ಲದಿದ್ದರೆ ಫೋನಿನ ಆ್ಯಪ್ ತೆರೆಯಿರಿ. ಬಿಳಿಯ ಕಡೆ ಕುಳಿತು ಎಡದಿಂದ ಬಲಕ್ಕೆ ಎಂಟು ಸಾಲು: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಕೆಳಗಿನಿಂದ ಮೇಲಕ್ಕೆ 1ರಿಂದ 8.

ಒಂದನೇ ನಡೆ: ಬಿಳಿ ಕಾಲಾಳು ಡಿ4ಕ್ಕೆ. ಕಪ್ಪು ಕುದುರೆ ಎಫ್6ಕ್ಕೆ.

ಎರಡನೇ ನಡೆ: ಬಿಳಿ ಕಾಲಾಳು ಸಿ4ಕ್ಕೆ. ಕಪ್ಪು ಕಾಲಾಳು ಇ5ಕ್ಕೆ. ಇದೇ ಗ್ಯಾಂಬಿಟ್.

ಮೂರನೇ ನಡೆ: ಬಿಳಿಯ ಡಿ4 ಕಾಲಾಳು ಇ5ರಲ್ಲಿದ್ದುದನ್ನು ಕಡಿಯುತ್ತದೆ. ಕಪ್ಪು ಕುದುರೆ ಎಫ್6ರಿಂದ ಜಿ4ಕ್ಕೆ ಹಾರುತ್ತದೆ.

ಈಗ ಆಟವೆಲ್ಲ ಇ5ರ ಆ ಒಂದು ಬಿಳಿ ಕಾಲಾಳಿನ ಸುತ್ತ. ಕುದುರೆ ಅದರ ಮೇಲೆ ಕಣ್ಣಿಟ್ಟಿದೆ. ಬಿಳಿಯವರು ಅದನ್ನು ಕಾಯಲು ಒಂಟೆಯನ್ನು ಎಫ್4ಕ್ಕೆ ತರುತ್ತಾರೆ. ಕಪ್ಪು ಇನ್ನೊಂದು ಕುದುರೆಯನ್ನು ಸಿ6ಕ್ಕೆ ತಂದು ಎರಡನೇ ಸಲ ಗುರಿ ಇಡುತ್ತದೆ. ಬಿಳಿ ಕುದುರೆ ಎಫ್3ಕ್ಕೆ ಬಂದು ಎರಡನೇ ಕಾವಲು ಹಾಕುತ್ತದೆ. ಕಪ್ಪು ಒಂಟೆ ಬಿ4ಕ್ಕೆ ಬಂದು ಶಹ ಕೊಡುತ್ತದೆ. ಬಿಳಿ ತನ್ನ ಇನ್ನೊಂದು ಕುದುರೆಯನ್ನು ಡಿ2ರಲ್ಲಿ ಅಡ್ಡ ನಿಲ್ಲಿಸುತ್ತದೆ. ಕಪ್ಪು ಮಂತ್ರಿ ಇ7ಕ್ಕೆ ಬಂದು ಮೂರನೇ ಗುರಿ ಇಡುತ್ತದೆ. ಈಗ ಲೆಕ್ಕ ಹಾಕಿ: ಹೊಡೆಯುವವರು ಮೂವರು, ಕಾಯುವವರು ಇಬ್ಬರು. ಕೊಟ್ಟ ಕಾಲಾಳು ವಾಪಸ್ ಬರುವುದು ಖಚಿತ. ನಿಜ ಹೇಳಬೇಕೆಂದರೆ ಇದು ದಾನವಲ್ಲ, ಕೈಗಡ. ನಾಲ್ಕೈದು ನಡೆಯಲ್ಲಿ ವಸೂಲಾಗುವ ಸಾಲ.

ಬಲೆ ಇರುವುದು ಇಲ್ಲಿ. ಏಳನೇ ನಡೆಯಲ್ಲಿ ಬಿಳಿಯವರು ಎ3ಕ್ಕೆ ಕಾಲಾಳು ತಂದು, ಬಿ4ರಲ್ಲಿರುವ ಒಂಟೆಗೆ 'ಎದ್ದು ಹೋಗು' ಎನ್ನುತ್ತಾರೆ. ಕಪ್ಪು ಏಳುವುದಿಲ್ಲ. ಜಿ4ರ ಕುದುರೆಯಿಂದ ಇ5ರ ಕಾಲಾಳನ್ನು ಕಡಿದು ಸುಮ್ಮನಾಗುತ್ತದೆ. ಒಂಟೆ ಹಾಗೇ ಸಿಕ್ಕಿತಲ್ಲ ಎಂದು ಬಿಳಿಯವರು ಅದನ್ನು ಕಡಿದರೋ, ಮುಗಿಯಿತು. ಇ5ರ ಕುದುರೆ ಡಿ3ಕ್ಕೆ ಹಾರಿ ಶಹ ಕೊಡುತ್ತದೆ. ಆ ಕುದುರೆಯನ್ನು ಕಡಿಯಬಲ್ಲದ್ದು ಇ2ರ ಕಾಲಾಳು ಮಾತ್ರ. ಅದು ಜಾಗ ಬಿಟ್ಟರೆ ಇ7ರಲ್ಲಿರುವ ಮಂತ್ರಿಯ ಎದುರು ರಾಜ ನೇರ ಬಯಲಾಗುತ್ತಾನೆ. ಆದ್ದರಿಂದ ಅದು ಕದಲುವಂತಿಲ್ಲ. ರಾಜನ ಸುತ್ತ ಐದೂ ಮನೆಗಳಲ್ಲಿ ಅವನದೇ ಕಾಯಿಗಳು. ಎಂಟನೇ ನಡೆಗೆ ಚೆಕ್‌ಮೇಟ್. ಜರ್ಮನಿಯ ಗಿಯೋರ್ಗ್ ಕೀನಿಂಗರ್ ಅವರು 1925ರಲ್ಲಿ ವಿಯೆನ್ನಾದಲ್ಲಿ ಒಂದು ಬಿಡುವಿನ ಆಟದಲ್ಲಿ ಈ ಬಲೆ ಹಾಕಿದರು. ಅಂದಿನಿಂದ ಇದಕ್ಕೆ ಕೀನಿಂಗರ್ ಬಲೆ ಎಂದೇ ಹೆಸರು.

1896: ಯಾರೂ ಗಮನಿಸದ ಮೊದಲ ಆಟ

ಡ್ಯಾನ್ಯೂಬ್ ನದಿಯ ಎರಡು ದಡಗಳಲ್ಲಿದ್ದ ಬುಡಾ, ಓಬುಡಾ ಮತ್ತು ಪೆಸ್ಟ್ ಎಂಬ ಮೂರು ಊರು ಸೇರಿ 1873ರಲ್ಲಿ ಬುಡಾಪೆಸ್ಟ್ ಆಯಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಅದು ಬೆಳೆದ ವೇಗ ದೊಡ್ಡದು. 1896ರಲ್ಲಿ ಅಲ್ಲಿ ನೆಲದಡಿಯ ರೈಲು ಓಡಿತು. ಯುರೋಪಿನ ಮುಖ್ಯ ಭೂಭಾಗದಲ್ಲಿ ಅಂಥದ್ದು ಅದೇ ಮೊದಲು. ಊರಿನ ತುಂಬ ಕಾಫಿ ಮನೆಗಳು. ಒಂದು ಕಾಫಿ ಹೇಳಿ ದಿನವಿಡೀ ಕುಳಿತರೂ ಎಬ್ಬಿಸದ ಜಾಗಗಳು ಅವು. ಬರಹಗಾರರು, ವಿದ್ಯಾರ್ಥಿಗಳು, ಗುಮಾಸ್ತರು ಅಲ್ಲಿ ಪತ್ರಿಕೆ ಓದುತ್ತಿದ್ದರು, ವಾದ ಮಾಡುತ್ತಿದ್ದರು, ಚೆಸ್ ಆಡುತ್ತಿದ್ದರು.

ಅದೇ 1896ರಲ್ಲಿ ಬುಡಾಪೆಸ್ಟ್‌ನಲ್ಲಿ ಆಡ್ಲರ್ ಎಂಬೊಬ್ಬರು ಗೇಝಾ ಮರೋತ್ಸಿ ಅವರ ಎದುರು ಬಿಳಿ ಕಾಯಿ ಹಿಡಿದು ಕುಳಿತರು. ಎರಡನೇ ನಡೆಯಲ್ಲಿ ಮರೋತ್ಸಿ ಇ5ಕ್ಕೆ ಕಾಲಾಳು ಇಟ್ಟರು. ಈ ಗ್ಯಾಂಬಿಟ್‌ನ ನಮಗೆ ತಿಳಿದಿರುವ ಮೊದಲ ಆಟ ಅದು. ಆಡ್ಲರ್ ಮಂತ್ರಿಯನ್ನು ಅವಸರದಲ್ಲಿ ಹೊರತಂದು ಕೆಟ್ಟರು. ಈ ಗ್ಯಾಂಬಿಟ್ ಎದುರು ಇಂದಿಗೂ ಬಹಳ ಜನ ಮಾಡುವ ತಪ್ಪು ಅದೇ. ಮರೋತ್ಸಿ ಆಗ ಇಪ್ಪತ್ತಾರರ ಯುವಕ. ಮುಂದೆ ಜಗತ್ತಿನ ಅಗ್ರ ಆಟಗಾರರಲ್ಲಿ ಒಬ್ಬರಾದರು. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್ ವೆರಾ ಮೆಂಚಿಕ್ ಅವರಿಗೆ ಪಾಠ ಹೇಳಿಕೊಟ್ಟವರೂ ಇವರೇ.

ಆಡ್ಲರ್ ದೊಡ್ಡ ಆಟಗಾರರಲ್ಲ. ಹೀಗಾಗಿ ಆ ಆಟ ಊರು ಬಿಟ್ಟು ಹೊರಗೆ ಸುದ್ದಿಯಾಗಲಿಲ್ಲ. ನೋಡಿದ ಸ್ಥಳೀಯರ ನೆನಪಿನಲ್ಲಿ ಮಾತ್ರ ಉಳಿಯಿತು. ಹಾಗೇ ಇಪ್ಪತ್ತು ವರ್ಷ ಕಳೆಯಿತು.

ಯುದ್ಧದ ನಡುವೆ ಮೂವರು ಗೆಳೆಯರು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಹಂಗೇರಿ ಆಗ ಆಸ್ಟ್ರಿಯಾ ಜೊತೆ ಸೇರಿ ಒಂದೇ ಸಾಮ್ರಾಜ್ಯ. ಗಂಡಸರು ಗಡಿಗೆ ಹೋದರು. ಚೆಸ್ ಪಂದ್ಯಾವಳಿಗಳು ನಿಂತವು. ಊರಿನಲ್ಲಿ ಉಳಿದವರು ಕಾಫಿ ಮನೆಗಳಲ್ಲೇ ಆಡಿಕೊಳ್ಳಬೇಕಾಯಿತು.

ಆ ದಿನಗಳಲ್ಲಿ ಇಷ್ಟ್ವಾನ್ ಅಬೊನಿ, ಝಿಗ್ಮಂಡ್ ಬರಾಸ್, ಗ್ಯೂಲಾ ಬ್ರೆಯರ್ ಎಂಬ ಮೂವರು ಹಂಗೇರಿಯನ್ನರು ಹಳೆಯ ಆ ಇ5 ನಡೆಯನ್ನು ಮತ್ತೆ ಕೈಗೆತ್ತಿಕೊಂಡರು. ಬಿಳಿ ಹೀಗೆ ಬಂದರೆ ಏನು, ಹಾಗೆ ಬಂದರೆ ಏನು ಎಂದು ಒಂದೊಂದೇ ದಾರಿ ಹುಡುಕಿದರು. ಮೂವರಲ್ಲಿ ಕಿರಿಯರು ಬ್ರೆಯರ್. ಹುಟ್ಟಿದ್ದು 1893ರಲ್ಲಿ. ಹತ್ತೊಂಬತ್ತಕ್ಕೇ ಹಂಗೇರಿಯ ಚಾಂಪಿಯನ್ ಆಗಿದ್ದರು. ಹಳೆಯ ಪುಸ್ತಕಗಳು ಸರಿ ಎಂದದ್ದನ್ನೆಲ್ಲ ತಿರುಗಿಸಿ ನೋಡುವ ಸ್ವಭಾವ ಅವರದ್ದು.

1916ರಲ್ಲಿ ಬ್ರೆಯರ್ ಅವರು ಈ ಗ್ಯಾಂಬಿಟ್ ಅನ್ನು ಬುಡಾಪೆಸ್ಟ್‌ನಲ್ಲಿ ಯೋಹಾನ್ನೆಸ್ ಎಸ್ಸರ್ ಎಂಬ ಡಚ್ ಆಟಗಾರರ ಎದುರು ಆಡಿದರು. ಎಸ್ಸರ್ ವೃತ್ತಿಯಲ್ಲಿ ಶಸ್ತ್ರವೈದ್ಯರು. ನೆದರ್ಲೆಂಡ್ಸ್ ಯುದ್ಧದಲ್ಲಿ ಸೇರಿರಲಿಲ್ಲ. ಆದರೂ ಎಸ್ಸರ್ ಆಸ್ಟ್ರಿಯಾ-ಹಂಗೇರಿಗೆ ಬಂದು, ಗುಂಡು ಸಿಡಿಗುಂಡು ತಾಗಿ ಮುಖ ಕಳೆದುಕೊಂಡ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದರು. ಅವರ ದೇಹದ ಬೇರೆ ಭಾಗದ ಚರ್ಮ ಮಾಂಸ ತಂದು ಹೊಸ ಮೂಗು, ತುಟಿ, ಕೆನ್ನೆ ಕಟ್ಟುತ್ತಿದ್ದರು. ಇಂದು ನಾವು ಪ್ಲಾಸ್ಟಿಕ್ ಸರ್ಜರಿ ಎನ್ನುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. ಅಂಥವರು ಚೆಸ್ ಮಣೆಯ ಮುಂದೆ ಕುಳಿತಾಗ ಎದುರಿಗೆ ಬಂದದ್ದು ಇನ್ನೂ ಹೆಸರೇ ಇಲ್ಲದ ಈ ಗ್ಯಾಂಬಿಟ್. ಯುದ್ಧದ ಕಾಲದಲ್ಲೂ ಜನ ಆಡುವುದನ್ನು ಬಿಡಲಿಲ್ಲ ಅನ್ನುವುದಕ್ಕೆ ನಮಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಬರ್ಲಿನ್, ಏಪ್ರಿಲ್ 1918

ಯುದ್ಧದ ನಾಲ್ಕನೇ ವರ್ಷ. ಬರ್ಲಿನ್‌ನಲ್ಲಿ ನಾಲ್ಕು ಜನರ ಒಂದು ಪಂದ್ಯಾವಳಿ ಏರ್ಪಾಡಾಯಿತು. ಪ್ರತಿಯೊಬ್ಬರೂ ಉಳಿದವರ ಜೊತೆ ಎರಡೆರಡು ಆಟ ಆಡಬೇಕು. ಆಡುವವರು ಪೋಲೆಂಡಿನ ಅಕಿಬಾ ರುಬಿನ್‌ಸ್ಟೈನ್, ವಿಯೆನ್ನಾದ ಕಾರ್ಲ್ ಶ್ಲೆಕ್ಟರ್, ಜರ್ಮನಿಯ ಜಾಕ್ ಮೀಸೆಸ್, ಮತ್ತು ಈಗಿನ ಸ್ಲೊವೇನಿಯಾದ ಲ್ಯೂಬ್ಲಿಯಾನಾ ಊರಿನ ಮಿಲಾನ್ ವಿಡ್ಮಾರ್.

ರುಬಿನ್‌ಸ್ಟೈನ್ ಯಾರು ಅಂತ ಗೊತ್ತಾದರೆ ಮುಂದಿನದ್ದು ಅರ್ಥವಾಗುತ್ತದೆ. ಬಡ ಯಹೂದಿ ಮನೆತನದವರು. ಧರ್ಮಪಾಠ ಕಲಿತು ರಬ್ಬಿ ಆಗಬೇಕಿದ್ದ ಹುಡುಗ ಚೆಸ್ ಕಡೆ ಬಂದರು. 1912ರ ಒಂದೇ ವರ್ಷದಲ್ಲಿ ಐದು ದೊಡ್ಡ ಪಂದ್ಯಾವಳಿಗಳಲ್ಲಿ ಮೊದಲ ಸ್ಥಾನ ಪಡೆದರು. ವಿಶ್ವ ಚಾಂಪಿಯನ್ ಎಮಾನುಯೆಲ್ ಲಾಸ್ಕರ್ ಜೊತೆ 1914ರಲ್ಲಿ ಅವರ ಪಂದ್ಯ ಮಾತುಕತೆಯಾಗಿತ್ತು. ಯುದ್ಧ ಬಂತು, ಪಂದ್ಯ ನಿಂತಿತು. ಮತ್ತೆ ಆ ಅವಕಾಶ ಅವರಿಗೆ ಬರಲೇ ಇಲ್ಲ. ವಿಶ್ವ ಚಾಂಪಿಯನ್ ಆಗದೇ ಹೋದ ಅತಿ ದೊಡ್ಡ ಆಟಗಾರರು ಯಾರು ಎಂದು ಕೇಳಿದರೆ ಇಂದಿಗೂ ಅನೇಕರು ಹೇಳುವ ಹೆಸರು ರುಬಿನ್‌ಸ್ಟೈನ್. 1918ರ ಆರಂಭದಲ್ಲಿ ಅವರು ಶ್ಲೆಕ್ಟರ್ ಜೊತೆ ಒಂದು ಪಂದ್ಯ ಆಡಿ ಗೆದ್ದಿದ್ದರು. ಅಂದರೆ ಒಳ್ಳೆಯ ಲಯದಲ್ಲೇ ಇದ್ದರು. ಅವರ ಆಟ ಶಾಂತ, ಅಳತೆಯದ್ದು. ಸಣ್ಣ ಲಾಭ ಸಿಕ್ಕಿದರೆ ಸಾಕು, ಅದನ್ನೇ ಕೊನೆಯವರೆಗೆ ಜೋಪಾನ ಮಾಡಿ ಗೆಲ್ಲುವವರು.

ಮೊದಲ ಸುತ್ತಿನಲ್ಲೇ ವಿಡ್ಮಾರ್ ಅವರಿಗೆ ಕಪ್ಪು ಕಾಯಿ, ಎದುರಿಗೆ ರುಬಿನ್‌ಸ್ಟೈನ್. ಏನು ಆಡಬೇಕೆಂದು ಅವರಿಗೆ ತೋಚಲಿಲ್ಲ. ವಿಡ್ಮಾರ್ ಪೂರ್ತಿ ಹೊತ್ತು ಚೆಸ್ ಆಡುವವರಲ್ಲ. ಅವರು ವಿದ್ಯುತ್ ಎಂಜಿನಿಯರ್, ಟ್ರಾನ್ಸ್‌ಫಾರ್ಮರ್ ತಜ್ಞ. ಅವರು ಮಾಡಿದ್ದು ಸರಳ ಕೆಲಸ: ಗೆಳೆಯ ಅಬೊನಿ ಅವರನ್ನು ಕೇಳಿದರು. ಅಬೊನಿ ತಾವು, ಬ್ರೆಯರ್ ಮತ್ತು ಬರಾಸ್ ಸೇರಿ ಹುಡುಕಿದ್ದನ್ನು ಮುಚ್ಚಿಡದೆ ತೋರಿಸಿಕೊಟ್ಟರು.

ಆಟ ಶುರುವಾಯಿತು. ಡಿ4, ಕುದುರೆ ಎಫ್6. ಸಿ4, ಇ5. ರುಬಿನ್‌ಸ್ಟೈನ್ ಕಡಿದರು. ಕುದುರೆ ಜಿ4ಕ್ಕೆ ಹಾರಿತು. ಒಂಟೆ ಎಫ್4ಕ್ಕೆ ಬಂತು. ನಾವು ಮೇಲೆ ಹೇಳಿದ ಅದೇ ದಾರಿ. ಕಪ್ಪು ಒಂಟೆ ಬಿ4ರಿಂದ ಶಹ ಕೊಟ್ಟಾಗ ರುಬಿನ್‌ಸ್ಟೈನ್ ಕುದುರೆಯನ್ನು ಡಿ2ರ ಬದಲು ಸಿ3ಕ್ಕೆ ತಂದರು. ಮಂತ್ರಿ ಇ7ಕ್ಕೆ ಬಂದಾಗ, ಇ5ರ ಕಾಲಾಳನ್ನು ಬಿಡಲೇಬಾರದೆಂದು ತಮ್ಮ ಮಂತ್ರಿಯನ್ನು ಡಿ5ಕ್ಕೆ ತಂದು ಮೂರನೇ ಕಾವಲು ಹಾಕಿದರು. ಸಣ್ಣ ಲಾಭ ಕಾಪಾಡುವುದು ಅವರ ಸ್ವಭಾವ ಎಂದೆವಲ್ಲ, ಇಲ್ಲಿ ಅದೇ ಮುಳುವಾಯಿತು.

ವಿಡ್ಮಾರ್ ಸಿ3ರ ಕುದುರೆಯನ್ನು ಒಂಟೆಯಿಂದ ಕಡಿದರು. ನಂತರ ಎಫ್6ಕ್ಕೆ ಕಾಲಾಳು ನೂಕಿ, 'ಇದನ್ನೂ ತೆಗೆದುಕೊ' ಎಂದರು. ಬಿಳಿ ತೆಗೆದುಕೊಂಡಿತು. ಕಪ್ಪು ಕುದುರೆ ಎಫ್6ರಲ್ಲಿ ಅದನ್ನು ಕಡಿಯಿತು, ಕಡಿಯುತ್ತಲೇ ಡಿ5ರಲ್ಲಿದ್ದ ಮಂತ್ರಿಯ ಮೇಲೆ ಬಿತ್ತು. ಮಂತ್ರಿ ಹಿಂದೆ ಸರಿಯಬೇಕಾಯಿತು. ಈಗ ಬಿಳಿಗೆ ಒಂದು ಕಾಲಾಳು ಲಾಭವಿತ್ತು. ಆದರೆ ಸಿ ಸಾಲಿನಲ್ಲಿ ಕಾಲಾಳುಗಳು ಒಂದರ ಹಿಂದೊಂದು ಸಿಕ್ಕಿಕೊಂಡಿದ್ದವು. ಕಪ್ಪಿನ ಆನೆಗಳಿಗೆ ನೇರ ದಾರಿ ತೆರೆದಿತ್ತು. ಇಪ್ಪತ್ತನಾಲ್ಕನೇ ನಡೆಗೆ ಆಟ ಮುಗಿಯಿತು. ರುಬಿನ್‌ಸ್ಟೈನ್ ಸೋತಿದ್ದರು.

ಈ ಗೆಲುವಿನಿಂದ ವಿಡ್ಮಾರ್ ಅವರಿಗೆ ಹುರುಪು ಬಂತು. ಪಂದ್ಯಾವಳಿಯಲ್ಲಿ ಮೊದಲ ಸ್ಥಾನ ಅವರದ್ದೇ ಆಯಿತು. ಶ್ಲೆಕ್ಟರ್ ಎರಡನೆಯವರು. ಉಳಿದವರೂ ಈ ಅಸ್ತ್ರ ನೋಡಿ ಸುಮ್ಮನೆ ಕೂರಲಿಲ್ಲ. ಅದೇ ಪಂದ್ಯಾವಳಿಯಲ್ಲಿ ಮೀಸೆಸ್ ಕೂಡ ರುಬಿನ್‌ಸ್ಟೈನ್ ಎದುರು ಇದನ್ನೇ ಆಡಿ ಗೆದ್ದರು. ಶ್ಲೆಕ್ಟರ್ ಆಡಿ ಡ್ರಾ ಮಾಡಿಕೊಂಡರು. ಒಂದೇ ಪಂದ್ಯಾವಳಿಯಲ್ಲಿ, ಒಂದೇ ಆರಂಭದ ಎದುರು, ಮೂರು ಆಟಗಳಲ್ಲಿ ರುಬಿನ್‌ಸ್ಟೈನ್‌ಗೆ ಸಿಕ್ಕಿದ್ದು ಅರ್ಧ ಅಂಕ. ಅಲ್ಲಿಯವರೆಗೆ ಬುಡಾಪೆಸ್ಟ್‌ನ ಕಾಫಿ ಮನೆಗಳಲ್ಲಿದ್ದ ಆಟಕ್ಕೆ ಚೆಸ್ ಜಗತ್ತಿನಲ್ಲಿ ಹೆಸರು ಬಂದದ್ದು ಆಗ.

ಹಸಿವು ಮತ್ತು ಸಾವು

ಶ್ಲೆಕ್ಟರ್ ಈ ಗ್ಯಾಂಬಿಟ್ ಬಗ್ಗೆ ಒಂದು ಜರ್ಮನ್ ಚೆಸ್ ಪತ್ರಿಕೆಯಲ್ಲಿ ಭರವಸೆಯಿಂದಲೇ ಬರೆದಿದ್ದರು. 1910ರಲ್ಲಿ ಲಾಸ್ಕರ್ ಎದುರು ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡಿ, 5-5ರಲ್ಲಿ ಸಮ ಮಾಡಿಕೊಂಡಿದ್ದವರು ಅವರು. ಒಂದೇ ಒಂದು ಆಟದ ಅಂತರದಲ್ಲಿ ಪಟ್ಟ ಕೈತಪ್ಪಿತ್ತು.

1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಆದರೆ ಊಟ ಬರಲಿಲ್ಲ. ವಿಯೆನ್ನಾ, ಬುಡಾಪೆಸ್ಟ್, ಬರ್ಲಿನ್ ಎಲ್ಲೆಡೆ ಬ್ರೆಡ್ಡಿಗೂ ಸೌದೆಗೂ ಪರದಾಟ. ಚೆಸ್ ಆಡಿ, ಚೆಸ್ ಬಗ್ಗೆ ಬರೆದು ಬದುಕುತ್ತಿದ್ದವರ ಗತಿ ಕೇಳುವವರೇ ಇರಲಿಲ್ಲ. 1918ರ ಡಿಸೆಂಬರ್ 27ರಂದು ಶ್ಲೆಕ್ಟರ್ ಬುಡಾಪೆಸ್ಟ್‌ನಲ್ಲೇ ತೀರಿಕೊಂಡರು. ಹಸಿವಿನಿಂದ ಬಡಕಲಾದ ದೇಹಕ್ಕೆ ನ್ಯುಮೋನಿಯಾ ಬಂದಿತ್ತು. ವಯಸ್ಸು ನಲವತ್ತನಾಲ್ಕು. ಬರ್ಲಿನ್ ಪಂದ್ಯಾವಳಿ ನಡೆದು ಎಂಟು ತಿಂಗಳಷ್ಟೇ ಆಗಿತ್ತು.

ಬ್ರೆಯರ್ ಸ್ವಲ್ಪ ಹೆಚ್ಚು ದಿನ ಉಳಿದರು. 1920ರಲ್ಲಿ ಹಂಗೇರಿ ಸಹಿ ಹಾಕಿದ ಟ್ರಿಯಾನನ್ ಒಪ್ಪಂದದಿಂದ ಆ ದೇಶ ತನ್ನ ನೆಲದ ಮೂರನೇ ಎರಡು ಭಾಗ ಕಳೆದುಕೊಂಡಿತು. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಬಲವಾದ ಪಂದ್ಯಾವಳಿಯಲ್ಲಿ ಬ್ರೆಯರ್ ಮೊದಲಿಗರಾದರು. 1921ರಲ್ಲಿ, ಈಗಿನ ಸ್ಲೊವಾಕಿಯಾದ ಕೊಷಿಟ್ಸೆ ಊರಿನಲ್ಲಿ, ಮಣೆ ನೋಡದೆ ಏಕಕಾಲಕ್ಕೆ 25 ಜನರ ಜೊತೆ ಆಡಿ ಹೊಸ ದಾಖಲೆ ಮಾಡಿದರು. 25 ಮಣೆ, 800 ಕಾಯಿ, ಎಲ್ಲವೂ ತಲೆಯಲ್ಲೇ. ಅದೇ ವರ್ಷದ ನವೆಂಬರಿನಲ್ಲಿ ಬ್ರಾಟಿಸ್ಲಾವಾದಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆಂಟೇ ವರ್ಷ.

ರುಬಿನ್‌ಸ್ಟೈನ್ ಬಹಳ ಕಾಲ ಬದುಕಿದರು, ಆದರೆ ಅದು ಸುಲಭದ ಬದುಕಲ್ಲ. 1922ರಲ್ಲಿ ವಿಯೆನ್ನಾದಲ್ಲಿ ಗೆದ್ದರು. 1930ರಲ್ಲಿ ಪೋಲೆಂಡ್ ತಂಡ ಒಲಿಂಪಿಯಾಡ್ ಚಿನ್ನ ಗೆದ್ದಾಗ ಮೊದಲ ಮಣೆಯಲ್ಲಿ 17 ಆಟಗಳಲ್ಲಿ 13 ಗೆದ್ದು, 4 ಡ್ರಾ ಮಾಡಿ, ಒಂದನ್ನೂ ಸೋಲಲಿಲ್ಲ. ಆದರೆ ಮನಸ್ಸಿನ ಕಾಯಿಲೆ ಬಿಗಿಯಾಗುತ್ತಾ ಬಂತು. ಜನರ ಎದುರು ಕೂರುವುದೇ ಕಷ್ಟವಾಯಿತು. 1932ರ ಹೊತ್ತಿಗೆ ಆಟ ಬಿಟ್ಟರು. ಬೆಲ್ಜಿಯಂ ಅನ್ನು ನಾಜಿಗಳು ಹಿಡಿದಿದ್ದ ವರ್ಷಗಳನ್ನೂ ಅಲ್ಲೇ ದಾಟಿ ಬದುಕುಳಿದರು. 1961ರಲ್ಲಿ ಆ್ಯಂಟ್‌ವರ್ಪ್‌ನಲ್ಲಿ ನಿಧನರಾದರು.

ಅಬೊನಿ 1924ರಲ್ಲಿ ಪ್ಯಾರಿಸ್‌ನಲ್ಲಿ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಒಬ್ಬರು. ವಿಡ್ಮಾರ್ ತಮ್ಮ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು, ಒಂದು ಅವಧಿಗೆ ಅದರ ಮುಖ್ಯಸ್ಥರೂ ಆದರು. ಟ್ರಾನ್ಸ್‌ಫಾರ್ಮರ್ ಬಗ್ಗೆ ದೊಡ್ಡ ಪುಸ್ತಕ ಬರೆದರು. 1948ರ ವಿಶ್ವ ಚಾಂಪಿಯನ್‌ಷಿಪ್‌ಗೆ ಮುಖ್ಯ ತೀರ್ಪುಗಾರರಾಗಿದ್ದರು.

ಹೆಸರು ಯಾರಿಗೆ ಸಿಕ್ಕಿತು

ಈಗ ಹೆಸರಿನ ವಿಷಯಕ್ಕೆ ಬರೋಣ. ಮೊದಲು ಆಡಿದ ಮರೋತ್ಸಿ ಹೆಸರು ಈ ಗ್ಯಾಂಬಿಟ್‌ಗೆ ಬರಲಿಲ್ಲ. ಕಟ್ಟಿ ಬೆಳೆಸಿದ ಬ್ರೆಯರ್, ಬರಾಸ್, ಅಬೊನಿ ಹೆಸರೂ ಇಲ್ಲ. ಆಡಿ ಗೆದ್ದು ಜಗತ್ತಿಗೆ ತೋರಿಸಿದ ವಿಡ್ಮಾರ್ ಹೆಸರೂ ಇಲ್ಲ. ಇದು ಊರಿನ ಹೆಸರಿನಲ್ಲಿ ಉಳಿಯಿತು.

ಒಳಗಿನ ಕವಲುಗಳ ಹೆಸರು ಇನ್ನೂ ವಿಚಿತ್ರ. ನಾಲ್ಕನೇ ನಡೆಯಲ್ಲಿ ಬಿಳಿ ಕುದುರೆಯನ್ನು ಎಫ್3ಕ್ಕೆ ತಂದರೆ ಅದು ಆಡ್ಲರ್ ಕವಲು. 1896ರಲ್ಲಿ ಸೋತವರ ಹೆಸರು. ಒಂಟೆಯನ್ನು ಎಫ್4ಕ್ಕೆ ತಂದರೆ ಅದು ರುಬಿನ್‌ಸ್ಟೈನ್ ಕವಲು. 1918ರಲ್ಲಿ ಸೋತವರ ಹೆಸರು. ಈಗಿನ ಲೆಕ್ಕದಲ್ಲಿ ಕಪ್ಪಿಗೆ ಹೆಚ್ಚು ತಲೆನೋವು ಕೊಡುವ ಉತ್ತರಗಳಲ್ಲಿ ಈ ರುಬಿನ್‌ಸ್ಟೈನ್ ಕವಲು ಮುಖ್ಯವಾದದ್ದು. ಅಂದರೆ ಅವರು ಆರಿಸಿದ ದಾರಿ ಸರಿಯಾಗಿಯೇ ಇತ್ತು. ಆ ದಿನ ಮಣೆಯ ಮೇಲೆ, ಹಿಂದೆಂದೂ ಎದುರಿಸದ ಆಟದ ಮುಂದೆ, ಒಬ್ಬರೇ ಕುಳಿತು ಎಲ್ಲವನ್ನೂ ಕಂಡುಹಿಡಿಯಲು ಆಗಲಿಲ್ಲ ಅಷ್ಟೇ. ಎದುರಿಗೆ ಕುಳಿತದ್ದು ವಿಡ್ಮಾರ್ ಒಬ್ಬರೇ ಆಗಿದ್ದರೂ, ಅವರ ಹಿಂದೆ ಮೂವರ ಶ್ರಮವಿತ್ತು.

ನಾಲ್ಕನೇ ನಡೆಯಲ್ಲಿ ಇ4ಕ್ಕೆ ಕಾಲಾಳು ತಂದು, ಗೆದ್ದ ಕಾಲಾಳನ್ನು ಬೇಕಾದರೆ ತೆಗೆದುಕೋ ಎಂದು ಬಿಟ್ಟುಬಿಡುವ ದಾರಿಗೆ ಅಲೆಖಿನ್ ಹೆಸರಿದೆ. ಮುಂದೆ ವಿಶ್ವ ಚಾಂಪಿಯನ್ ಆದ ಅವರು 1925ರ ಆಸುಪಾಸಿನಲ್ಲಿ ಹೀಗೆ ಆಡಿ ಗೆದ್ದರು. 1928ರಲ್ಲಿ ಬಾಡ್ ಕಿಸ್ಸಿಂಗೆನ್‌ನಲ್ಲಿ ತಾರ್ತಕೋವರ್ ಈ ಗ್ಯಾಂಬಿಟ್ ಹೂಡಿದಾಗ ಅವರನ್ನು ಕಾಪಾಬ್ಲಾಂಕಾ ಸೋಲಿಸಿದರು. ದೊಡ್ಡವರು ಉತ್ತರ ಕಂಡುಕೊಂಡಂತೆ ಇದರ ಬಳಕೆ ಕಡಿಮೆಯಾಯಿತು. ಆದರೂ ಸಾಯಲಿಲ್ಲ. 1992ರಲ್ಲಿ ಲಿನಾರೆಸ್‌ನಲ್ಲಿ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಅವರು ಅನಾತೊಲಿ ಕಾರ್ಪೊವ್ ಎದುರು ಇದನ್ನು ಆಡಿದರು. ಆ ಆಟ ಸೋತರು. ಆದರೆ ಆ ಪಂದ್ಯ ಗೆದ್ದು, ಮರುವರ್ಷ ಕಾಸ್ಪರೊವ್ ಎದುರು ಪಟ್ಟಕ್ಕಾಗಿ ಆಡಿದರು.

ಆ ಮೊದಲ ಕುದುರೆಯ ನಡೆ

ಈ ಕಥೆಗೆ ನಮ್ಮ ದೇಶದ ಒಂದು ಎಳೆಯೂ ಇದೆ. ಬಿಳಿಯ ಡಿ4ಕ್ಕೆ ಉತ್ತರವಾಗಿ ಕುದುರೆಯನ್ನು ಎಫ್6ಕ್ಕೆ ತರುವ ಆರಂಭಗಳಿಗೆಲ್ಲ ಒಟ್ಟಾಗಿ 'ಇಂಡಿಯನ್' ಎಂದು ಹೆಸರು. ಬುಡಾಪೆಸ್ಟ್ ಗ್ಯಾಂಬಿಟ್ ಕೂಡ ಆ ಕುಟುಂಬಕ್ಕೇ ಸೇರಿದ್ದು.

ಹೆಸರಿನ ಮೂಲ ಬಂಗಾಳದಲ್ಲಿದೆ. 1848ರ ಸುಮಾರಿಗೆ ಕಲ್ಕತ್ತದಲ್ಲಿದ್ದ ಸ್ಕಾಟ್ಲೆಂಡ್ ಮೂಲದ ವಕೀಲ ಜಾನ್ ಕಾಕ್ರೇನ್ ಅವರಿಗೆ, ಊರ ಹೊರಗಿನ ಹಳ್ಳಿಗಾಡಿನಲ್ಲಿ ಸೋಲನ್ನೇ ಕಾಣದ ಒಬ್ಬ ಆಟಗಾರರಿದ್ದಾರೆಂದು ಸುದ್ದಿ ಸಿಕ್ಕಿತು. ಅವರೇ ಮಹೇಶಚಂದ್ರ ಬ್ಯಾನರ್ಜಿ. ಮುಂದೆ ಇಬ್ಬರೂ ನೂರಾರು ಆಟ ಆಡಿದರು. ನಮ್ಮ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಆ ರೂಢಿಯಿಂದ ಬಂದವರಿಗೆ ಕುದುರೆ ಮೊದಲು ಹೊರತಂದು, ಪಕ್ಕದ ಕಾಲಾಳು ಒಂದು ಮನೆ ಸರಿಸಿ, ಆ ಸಂದಿಯಲ್ಲಿ ಒಂಟೆ ಕೂರಿಸುವುದು ಸಹಜ. ಯುರೋಪಿನವರಿಗೆ ಅದು ಹೊಸದು. ಆ ಆಟಗಳು ಲಂಡನ್ನಿನ ಚೆಸ್ ಪತ್ರಿಕೆಯಲ್ಲಿ ಅಚ್ಚಾದವು. ಕೆಲವೊಮ್ಮೆ ಬ್ಯಾನರ್ಜಿ ಅವರ ಹೆಸರಿನ ಜಾಗದಲ್ಲಿ 'ಬ್ರಾಹ್ಮಣ' ಎಂದಷ್ಟೇ ಇರುತ್ತಿತ್ತು. ಕೊನೆಗೆ ಆ ರೀತಿಯ ಆಟಕ್ಕೆ ಅವರ ಹೆಸರು ಬರಲಿಲ್ಲ, ದೇಶದ ಹೆಸರು ಬಂತು. ಬುಡಾಪೆಸ್ಟ್‌ನ ಮೂವರಿಗೆ ಆದದ್ದೂ ಇದೇ.

ಈಗ ನಿಮ್ಮ ಸರದಿ

ಮುಂದಿನ ಸಲ ನಿಮ್ಮ ಎದುರು ಯಾರಾದರೂ ಎರಡನೇ ನಡೆಯಲ್ಲಿ ಇ5ಕ್ಕೆ ಕಾಲಾಳು ಇಟ್ಟರೆ ಹೆದರಬೇಡಿ. ಕಡಿಯಿರಿ. ಒಂಟೆಯನ್ನು ಎಫ್4ಕ್ಕೆ ತನ್ನಿ. ಗೆದ್ದ ಕಾಲಾಳನ್ನು ಉಳಿಸಿಕೊಳ್ಳಲೇಬೇಕೆಂದು ಹಟ ಹಿಡಿಯಬೇಡಿ. ಏಳನೇ ನಡೆಯಲ್ಲಿ ಕುದುರೆ ಇ5ಕ್ಕೆ ಬಂದು ಕುಳಿತಾಗ ಬಿ4ರ ಒಂಟೆಯತ್ತ ಕೈ ಹಾಕಬೇಡಿ. ಮೊದಲು ಆ ಕುದುರೆಯನ್ನು ನಿಮ್ಮ ಎಫ್3ರ ಕುದುರೆಯಿಂದ ಕಡಿಯಿರಿ. ಕಪ್ಪು ತಿರುಗಿ ಕಡಿದ ಮೇಲೆ ಇ3ಕ್ಕೆ ಕಾಲಾಳು ತಂದು ರಾಜನಿಗೆ ಉಸಿರಾಡಲು ಜಾಗ ಮಾಡಿಕೊಡಿ. ಸಾಲ ತೀರಿತು, ಆಟ ಸಮ, ನಿಮ್ಮದು ತುಸು ಮೇಲೂ ಹೌದು.

ಕಪ್ಪು ಕಾಯಿ ನಿಮ್ಮದಾಗಿದ್ದು, ಎದುರಿಗೆ ನಿಮಗಿಂತ ದೊಡ್ಡವರು ಕುಳಿತಿದ್ದರೆ, ಒಮ್ಮೆ ಇ5 ಇಟ್ಟು ನೋಡಿ. ಇದನ್ನು ಯಾರು ಕಲಿಸಿದರು ಎಂದು ಅವರು ಕೇಳಿದರೆ ಒಬ್ಬರ ಹೆಸರು ಹೇಳಲು ನಿಮಗೆ ಆಗುವುದಿಲ್ಲ. ಆಗ ಇಷ್ಟು ಹೇಳಿ: ಯುದ್ಧದ ಕಾಲದಲ್ಲಿ ಒಂದು ಊರಿನ ಕೆಲವರು ಕೂತು ಕಂಡುಹಿಡಿದದ್ದು ಇದು. ತಮಗೆ ಗೊತ್ತಿದ್ದುದನ್ನು ಕೇಳಿ ಬಂದ ಗೆಳೆಯನಿಗೆ ಹೇಳಿಕೊಟ್ಟರು. ಅದಕ್ಕೇ ಇದು ನಮ್ಮವರೆಗೆ ಬಂದಿದೆ.